ಬಾಗಿಲ ಮೇಲಿನ ಮೊರಾಕ್ಕೊ ಕೈ

ನಿಯಮ ಪಾಲನೆಯಲ್ಲಿ ನನ್ನನ್ನು ಮೀರಿಸುವವರು ಸತ್ತೂರಿನಲ್ಲಿಲ್ಲ. ಸರ್ಕಾರಿ ಶಾಲೆಯ ಹೆಡ್‌ಮಾಸ್ತರನಾಗಿ ಇಷ್ಟು ವರ್ಷ ದುಡಿದರೂ ನನ್ನ ಸೇವಾ ಪುಸ್ತಕದಲ್ಲಿ ಒಂದೇ ಒಂದು ನೋಟಿಸಿರಲಿಲ್ಲ. ಮುಂದಿನ ವರ್ಷ ಹಾಗೆಯೇ ಕಲೆಯಿಲ್ಲದೆ ನಿವೃತ್ತನಾಗುವುದೊಂದೇ ನನ್ನ ಆಸೆಯಾಗಿತ್ತು.

ಹೊಸ ಮನೆಗೆ ಬಂದ ತಿಂಗಳಲ್ಲೇ ಮಿಕ್ಸರ್ ಸುಟ್ಟಿತು, ನೀರಿನ ಟಾಕಿ ಸೋರಿತು. ಇದು ದೃಷ್ಟಿಯೇ ಎಂದು ಹೆಂಡತಿ ಮಂಗಲಾ ತೀರ್ಮಾನಿಸಿದಳು. ಅದೇ ಹೊತ್ತಿಗೆ ಅವಳ ತಮ್ಮ ಬಸು ವಿದೇಶ ಪ್ರವಾಸ ಮುಗಿಸಿ ಬಂದ. ತಂದಿದ್ದು ಹಿತ್ತಾಳೆಯ ಒಂದು ಕೈ. ಅಂಗೈ ನಡುವೆ ನೀಲಿ ಕಣ್ಣು.

“ಆ ಮೆಡಿಟರೇನಿಯನ್ ಸಮುದ್ರದ ಸುತ್ತ ಎಲ್ಲಾರಿಗೂ ದೃಷ್ಟಿ ಅಂಜಿಕಿ ಐತಿ ನೋಡ್ರಿ ಮಾವಾ. ಇಟಲಿಯವ್ರು ಕೆಂಪು ಕೊಂಬು ಕಟ್ಕೋತಾರ, ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ. ಗ್ರೀಸಿನವ್ರು ನೀಲಿ ಕಣ್ಣು. ಮೊರಾಕ್ಕೊದಾಗ ಈ ಕೈ.”

“ಮೆಣಸಿನಕಾಯಿ ನಮ್ಮಲ್ಲೂ ಅದಾವ,” ಎಂದಳು ಮಂಗಲಾ. “ಕೈ ಹಚ್ರಿ.”

ನಾಲ್ಕು ಸ್ಕ್ರೂ ಸಾಲದೆಂದು ಸಿಮೆಂಟನ್ನೂ ಮೆತ್ತಿ ಮುಂಬಾಗಿಲ ಮೇಲೆ ಕೂರಿಸಿದೆ. ಮನೆ ಬಿದ್ದರೂ ಕೈ ಬೀಳಬಾರದು!

ಮರುವಾರ ಚುನಾವಣೆ ಘೋಷಣೆಯಾಯಿತು. ನನ್ನನ್ನು ಮತಗಟ್ಟೆ ಅಧಿಕಾರಿಯಾಗಿ ನೇಮಿಸಿದರು. ಕಟ್ಟೆಯ ಮೇಲೆ ಕುಳಿತು ಆದೇಶ ಓದುತ್ತಿದ್ದಾಗ ಎದುರಿನ ಗ್ಯಾರೇಜಿನ ಮೈಬೂಬಸಾಬ ಬಂದ.

“ಸರ್, ಇಲೆಕ್ಷನ್ ಡ್ಯೂಟಿ ಮಾಡಾವ್ರು ಹಿಂಗ ಬಾಗಲದಾಗ ಪ್ರಚಾರ ಮಾಡಬಾರದ್ರಿ.”

“ಯಾವ ಪ್ರಚಾರೋ ಮಾರಾಯಾ? ಇದು ಮೊರಾಕ್ಕೊದ್ದು. ನಡುವ ಕಣ್ಣು ಐತಿ ನೋಡು!”

“ಮೊಹರಮ್ ಪಂಜಾದ ಕೈ ನೋಡಿ ಬೆಳದಾಂವ್ರಿ ನಾ, ನನಗ ತಿಳಿತೈತಿ. ಇಲೆಕ್ಷನ್ ಸ್ಕ್ವಾಡಿನವ್ರು ಜೀಪಿನ್ಯಾಗ ಕುಂತು ನೋಡ್ತಾರ. ಅವ್ರಿಗೆ ಕಣ್ಣು ಕಾಣಂಗಿಲ್ರಿ. ಕೈ ಕಾಣ್ತೈತಿ.”

ಓಡಿಹೋಗಿ ಮೊದಲು ಸಿಕ್ಕ ಟವೆಲನ್ನು ಅದಕ್ಕೆ ಸುತ್ತಿದೆ. ಅದು ಕೇಸರಿ ಬಣ್ಣದ್ದು.

“ಈಗ ಎರಡೂ ಪಾರ್ಟಿಯವ್ರು ಬರ್ತಾರ ತಗೋರಿ,” ಎಂದಳು ಮಂಗಲಾ.

ಕೊನೆಗೆ ಸುತ್ತಿಗೆ ಹಿಡಿದೆ. ಮೊದಲ ಏಟಿಗೆ ಗಿಲಾವು ಉದುರಿತು. ಎರಡನೆಯದಕ್ಕೆ ಕಿಟಕಿಯ ಗಾಜು. ಹತ್ತನೆಯದಕ್ಕೆ ಕೈ ಬಂತು, ಒಂದಿಷ್ಟು ಗೋಡೆಯ ಸಮೇತ.

ಬೋಳು ಬಾಗಿಲು ಕಂಡು ಮಂಗಲಾ ಸುಮ್ಮನಿರಲಿಲ್ಲ. ಕಮಲ ಬರೆಯುತ್ತೇನೆಂದಳು, ಬೇಡವೆಂದೆ. ಕಸಬರಿಗೆ ತೂಗುಹಾಕೋಣವೆಂದಳು, ಅದೂ ಒಂದು ಪಕ್ಷದ್ದೇ. ಆನೆಯ ಚಿತ್ರ ಎಂದಳು. ಅಯ್ಯೋ!

“ಹಂಗಾರ ಲಾರಿ ಹಿಂದ ಕಟ್ಟಿದಂಗ ನಿಮ್ಮ ಹಳೇ ಚಪ್ಪಲಿ ಕಟ್ರಿ. ಅದನ್ನ ಯಾವ ಪಾರ್ಟಿಯವ್ರು ಕೇಳ್ತಾರ?”

ಪಕ್ಷಗಳ ಚಿಹ್ನೆಗಳ ಪಟ್ಟಿ ತರಿಸಿ, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಚಪ್ಪಲಿ ಇರಲಿಲ್ಲ. ಕಟ್ಟಿದೆ.

ಪಕ್ಷೇತರರಿಗೆ ಚಿಹ್ನೆ ಹಂಚಿದ್ದು ಅಂದೇ ಸಂಜೆ! ಮರುದಿನ ಬೆಳಿಗ್ಗೆ ಹಲಗೆ ಬಾರಿಸಿಕೊಂಡು ಒಬ್ಬ ಅಭ್ಯರ್ಥಿ ನಮ್ಮ ಮನೆಯ ಮುಂದೆ ನಿಂತ. ನನಗೊಂದು ಹಾರ ಹಾಕಿದ. ಚಪ್ಪಲಿಗೂ ಒಂದು ಹಾಕಿದ.

“ಇಡೀ ಸತ್ತೂರಾಗ ನನ್ನ ಗುರ್ತು ಹಚ್ಚಿದಾವ್ರು ನೀವೊಬ್ರ ನೋಡ್ರಿ ಸರ್!” ಎಂದು ಕಣ್ಣೊರೆಸಿಕೊಂಡ.

ಫೋಟೊ ಮಧ್ಯಾಹ್ನದೊಳಗೆ ಎಲ್ಲರ ಮೊಬೈಲಿಗೂ ಮುಟ್ಟಿತು. ಸಂಜೆ ನನಗೆ ನೋಟಿಸು ಮುಟ್ಟಿತು.

ಉತ್ತರವನ್ನು ಮೂರು ಸಲ ತಿದ್ದಿ ಬರೆದೆ: “ಸದರಿ ಚಪ್ಪಲಿಯು ಯಾವ ಅಭ್ಯರ್ಥಿಗೂ ಸೇರಿರುವುದಿಲ್ಲ, ನನ್ನ ಎಡಗಾಲಿಗೆ ಸೇರಿರುತ್ತದೆ. ಅಗತ್ಯಬಿದ್ದಲ್ಲಿ ಬಲಗಾಲಿನದನ್ನೂ ಹಾಜರುಪಡಿಸಲು ಸಿದ್ಧನಿದ್ದೇನೆ.”

ಚುನಾವಣಾಧಿಕಾರಿ ಸಾಹೇಬರು ನಕ್ಕು, ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಎಚ್ಚರಿಕೆ ಸೇವಾ ಪುಸ್ತಕ ಸೇರಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ನಿಜವಾಗಿಯೂ ಅಳು ಬಂದಿತ್ತು.

“ಯಾಕ ಅಷ್ಟು ಮನಸ್ಸಿಗೆ ಹಚ್ಕೋತೀರಿ?” ಎಂದಳು ಮಂಗಲಾ. “ನಿಮ್ಮ ಪುಸ್ತಕ ಭಾಳ ಚೊಕ್ಕ ಇತ್ರಿ, ಅದಕ್ಕ ದೃಷ್ಟಿ ಆಗಿತ್ತು. ಈಗ ದೃಷ್ಟಿಬೊಟ್ಟು ಇಟ್ಟಂಗಾತು. ಏಳ್ರಿ, ರೊಟ್ಟಿ ಆರಾಕತ್ತಾವ.”