ರೇಸ್ ಜೀಪಿಗೆ ನಾನು ಕ್ಯಾಮೆರಾ ಕಟ್ಟಿದ್ದು

ಕ್ಯಾಮೆರಾ ವಿಷಯದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಯಾರೂ ನನಗೆ ಬುದ್ಧಿ ಹೇಳಬೇಕಾಗಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿಕೊಂಡಿದ್ದೆ. ನನ್ನದು ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ ಎಂದು ಯಾರು ಕರೆದರೂ ಹೋಗಿ ವಿಡಿಯೋ ಮಾಡಿಕೊಟ್ಟು ಬಂದವನು. ಧಾರೆ ಹೊತ್ತಿನಲ್ಲಿ ನೆಂಟರೆಲ್ಲ ಮಂಟಪಕ್ಕೆ ಮುತ್ತಿಕೊಂಡಿದ್ದರೂ ಅವರ ಕಂಕುಳ ಸಂದಿಯಲ್ಲಿ ತೂರಿ ಹೆಣ್ಣಿನ ತಾಯಿಯ ಕಣ್ಣೀರು ಹಿಡಿದವನು. ಅಂಥವನಿಗೆ ಒಂದು ಜೀಪಿನೊಳಗೆ ಕ್ಯಾಮೆರಾ ಕಟ್ಟುವುದು ಯಾವ ಮಹಾ ಕೆಲಸ! ಹೀಗೆಂದುಕೊಂಡೇ ನಾನು ಹಾಳಾದೆ.

ಜೀಪು ನನ್ನ ಹೆಂಡತಿ ಶೋಭಾಳ ತಮ್ಮ ಮಂಜನದು. ಮಂಜ ಅರಕಲಗೂಡಿನ ಹತ್ತಿರ ಶುಂಠಿ ಬೆಳೆಯುತ್ತಾನೆ. ಬೆಳೆಯುತ್ತಾನೆ ಎನ್ನುವುದು ಅವನ ಅಪ್ಪನ, ಅಂದರೆ ನನ್ನ ಮಾವನವರ, ಆಸೆ. ಅವನು ನಿಜವಾಗಿ ಮಾಡುವುದು ಆ ಹಳೇ ಜೀಪನ್ನು ಬಿಚ್ಚುವುದು, ಮತ್ತೆ ಜೋಡಿಸುವುದು. ಅದಕ್ಕೆ ಆನೆಗಾತ್ರದ ಟೈರು ಹಾಕಿ, ತಲೆಯ ಮೇಲೆ ಕಬ್ಬಿಣದ ಪೈಪಿನ ಪಂಜರ ಕಟ್ಟಿಸಿ, ಆಫ್‌ರೋಡ್ ರೇಸಿಗೆ ಹೋಗುತ್ತಾನೆ. ಆಫ್‌ರೋಡ್ ರೇಸ್ ಎಂದರೆ ರಸ್ತೆಯೇ ಇಲ್ಲದ ಕಡೆ ಗಾಡಿ ಓಡಿಸುವ ಪಂದ್ಯ. ನಮ್ಮೂರ ಕೆಲವು ರಸ್ತೆ ನೋಡಿದವರಿಗೆ ಇದನ್ನು ಬೇರೆ ಪಂದ್ಯ ಎಂದು ಕರೆಯುವ ಅಗತ್ಯವೇ ತಿಳಿಯುವುದಿಲ್ಲ.

ದಾರಿಯುದ್ದಕ್ಕೂ ಜೋಡಿ ಜೋಡಿ ಕಂಬ ನೆಟ್ಟಿರುತ್ತಾರೆ. ಜೀಪು ಆ ಎರಡು ಕಂಬಗಳ ನಡುವೆಯೇ ನುಗ್ಗಬೇಕು. ಹೊರಗೆ ಹೋದರೆ ಔಟು. ಹೋದ ಸಲ ಮಂಜ ಔಟಾಗಿದ್ದು ಹೀಗೇ. ಆ ಸಿಟ್ಟಿಗೆ ನನ್ನ ಮಾವ ಊಟಕ್ಕೆ ಕೂತಲ್ಲಿ ಆಜ್ಞೆ ಹೊರಡಿಸಿದ್ದರು.

"ಈ ಸಲ ಕಪ್ ತರ್ನಿಲ್ಲ ಅಂದ್ರೆ ಆ ಪಂಜ್ರ ಕುಯ್ಸಿ, ಇಂದೆ ಅಲಗೆ ಒಡ್ಸಿ, ಸುಂಟಿ ಮೂಟೆ ಒರಕ್ಕೆ ಆಕ್ತೀನಿ ಕಣ್ಲಾ. ನೋಡ್ತಾ ಇರು."

ಮಂಜ ಮಾರನೇ ದಿನವೇ ಬಸ್ಸು ಹತ್ತಿ ನನ್ನ ಸ್ಟುಡಿಯೋಗೆ ಬಂದ. ಮುಖ ಬಾಡಿಹೋಗಿತ್ತು.

"ಓದ್ ಸಲ ನಾನು ಕಂಬದ್ ಒಳ್ಗೇ ಓಗಿದ್ದೆ ಭಾವ. ಒರ್ಗಡೆ ಓದೆ ಅಂದ್ಬುಟ್ರು. ಸಾಕ್ಷಿ ಇರ್ನಿಲ್ಲ. ಜೀಪ್ ಒಳ್ಗೆ ಒಂದ್ ಕ್ಯಾಮ್ರಾ ಇದ್ದಿದ್ರೆ ತೋರಿಸ್ಬೋದಿತ್ತು. ನೀವೇ ಏನಾರಾ ಮಾಡಿ. ಅಪ್ಪ ಜೀಪ್ ಕುಯ್ಸಿಬುಡ್ತದೆ."

"ಲೇ ಮಂಜ, ಇನ್ಮೇಲೆ ಆ ಚಿಂತೆ ನಂದು. ನೀನು ಗಾಡಿ ಓಡ್ಸು, ಸಾಕು!" ಎಂದು ಅವನ ಬೆನ್ನು ತಟ್ಟಿದೆ. ಆ ಕೈಯನ್ನು ಅಂದೇ ಕಟ್ಟಿಹಾಕಬೇಕಿತ್ತು.

ಅಧ್ಯಯನ ಆರಂಭಿಸಿದೆ. ಮೊಬೈಲಿನಲ್ಲಿ ಜಗತ್ತಿನ ಕ್ಯಾಮೆರಾಗಳನ್ನೆಲ್ಲ ನೋಡಿದೆ. ಅಲುಗಾಟ ತಡೆಯುವ ಶಕ್ತಿ, ಧೂಳು ತಡೆಯುವ ಶಕ್ತಿ, ನೀರಿನಲ್ಲಿ ಮುಳುಗಿದರೂ ಬದುಕುವ ಶಕ್ತಿ ಎಂದು ಹೆಂಡತಿಗೆ ಪ್ರತಿದಿನ ಉಪನ್ಯಾಸ ಕೊಟ್ಟೆ. ಅವಳು ಸೊಪ್ಪು ಸೋಸುತ್ತಾ, "ಇಷ್ಟೆಲ್ಲಾ ಸಕ್ತಿ ಇರೋದನ್ನ ಅಡುಗೆಮನೇಲಿ ಮಿಕ್ಸಿ ಜಾಗಕ್ಕೆ ತನ್ನಿ" ಎಂದಳು. ಅಜ್ಞಾನಿಗಳ ಮಾತಿಗೆ ಕಿವಿಗೊಡಬಾರದೆಂದು ಹಾಸನಕ್ಕೆ ಹೋಗಿ, ಅಂಗೈಯಲ್ಲಿ ಅಡಗುವಂಥ ಒಂದು ಕ್ಯಾಮೆರಾ ಆರಿಸಿದೆ. ಅದನ್ನು ಕೂರಿಸಲು ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ ಸ್ಟ್ಯಾಂಡನ್ನೂ ಕೊಂಡೆ.

ಅಂಗಡಿಯವನು, "ಗಾಡಿ ಮುಂದ್ಗಡೆ ಗ್ಲಾಸ್ ಇದೆ ಅಲ್ವಾ ಸಾ?" ಎಂದು ಕೇಳಿದ.

"ಮುಂದ್ಗಡೆ ಗ್ಲಾಸ್ ಇಲ್ದಿರೋ ಗಾಡಿ ಎಲ್ಲಾದ್ರೂ ನೋಡಿದ್ದೀಯೇನಯ್ಯಾ?" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ನಕ್ಕೆ.

ನೋಡಿದೆ. ಅರಕಲಗೂಡಿನಲ್ಲಿ. ಕಲ್ಲು ಸಿಡಿದು ಒಡೆಯುತ್ತದೆಂದು ಮಂಜ ಮುಂದಿನ ಗಾಜನ್ನು ಎಂದೋ ಬಿಚ್ಚಿಟ್ಟಿದ್ದ. ಸ್ಟ್ಯಾಂಡ್ ಹಿಡಿದುಕೊಂಡು ನಾನು ಗಾಳಿಗೆ ಅಂಟಿಸಲು ಜಾಗ ಹುಡುಕಿದೆ. ಕಡೆಗೆ ಸೈಕಲ್ ಟ್ಯೂಬು ಕತ್ತರಿಸಿ, ಕ್ಯಾಮೆರಾವನ್ನು ನಮ್ಮ ತಲೆಯ ಹಿಂದಿನ ಪೈಪಿಗೆ ಬಿಗಿದೆ. ಶುಂಠಿ ಹೊಲದ ಬದಿಯಲ್ಲಿ ಒಂದು ಸುತ್ತು ಓಡಿಸಿ ನೋಡಿದೆವು. ಸ್ವಲ್ಪ ಹೊತ್ತು ಆಕಾಶ, ಆಮೇಲೆ ಮಂಜನ ಎಡಗಿವಿ, ಆಮೇಲೆ ಮತ್ತೆ ಆಕಾಶ. ಜೊತೆಗೆ ತವರಿಗೆ ಬಂದಿದ್ದ ಶೋಭಾ ಅದನ್ನು ನೋಡಿ ವಾಂತಿ ಬರುತ್ತದೆಂದು ಎದ್ದುಹೋದಳು.

ಆಗ ನನ್ನ ವೃತ್ತಿಧರ್ಮ ಜಾಗೃತವಾಯಿತು. ಮದುವೆ ವಿಡಿಯೋದವರಿಗೆ ಒಂದೇ ಶಾಸ್ತ್ರ: ನೆಂಟರ ಮುಖ ಬೀಳಬೇಕು. ತಾಳಿ ಕಟ್ಟುವುದು ಮಸುಕಾದರೂ ಜನ ಕ್ಷಮಿಸುತ್ತಾರೆ, ಚಿಕ್ಕತ್ತೆಯ ಮುಖ ಬೀಳದಿದ್ದರೆ ಎರಡು ಮನೆಗೂ ಮಾತು ನಿಲ್ಲುತ್ತದೆ. ಕ್ಯಾಮೆರಾ ಬಿಚ್ಚಿ ಮುಂದಿನ ಡ್ಯಾಶ್‌ಬೋರ್ಡಿನ ಮೇಲೆ, ನಮ್ಮ ಕಡೆಗೆ ಮುಖ ಮಾಡಿ ಬಿಗಿದೆ.

ಮಂಜ ತಲೆ ಕೆರೆದುಕೊಂಡ. "ಭಾವ, ದಾರಿ ಕಾಣ್ಬೇಕಲ್ವಾ?"

"ಮಣ್ಣು ನೋಡಕ್ಕೆ ಯಾರೋ ಬತ್ತಾರೆ? ನಿನ್ ಮುಖ ಕಾಣ್ಬೇಕು. ಗಾಡಿ ಹಿಂದ್ಗಡೆ ಬಯಲು ತಾನೇ? ನೀನು ದಾಟಿದ್ ಕಂಬಗಳು ನಿನ್ ಹೆಗಲ ಹಿಂದೆ ಒಂದೊಂದೇ ಬೀಳ್ತವೆ. ಸಾಕ್ಷಿಗೆ ಸಾಕ್ಷಿ, ಅಂದಕ್ಕೆ ಅಂದ!"

ಭಾವ ಹೇಳಿದರೆ ಸರಿಯಿರಬೇಕು ಎಂದು ಅವನು ಟ್ಯೂಬಿನ ಗಂಟು ಬಿಗಿಮಾಡಿಕೊಟ್ಟ. ಪಾಪ, ನಂಬಿದ.

ಪಂದ್ಯ ಹೊಳೆನರಸೀಪುರದ ಹೊರಗೆ, ಹೇಮಾವತಿ ಕಡೆಗೆ ಇಳಿಯುವ ಹಳ್ಳದಲ್ಲಿ. ನಾವು ಹೋಗುವಷ್ಟರಲ್ಲಿ ಎರಡು ಕೇಡು ಕಾದಿದ್ದವು. ಒಂದು, ಸ್ಟೆಪ್ನಿ ಚಕ್ರ ಇಲ್ಲದೆ ಗಾಡಿ ಬಿಡುವುದಿಲ್ಲ ಎಂದರು. ಮಂಜ ಆ ಆನೆಗಾತ್ರದ ಚಕ್ರವನ್ನು ಸೀಟುಗಳ ಹಿಂದೆ ನೆಟ್ಟಗೆ ನಿಲ್ಲಿಸಿ ಕಟ್ಟಿದ. ಎರಡು, ಪಕ್ಕದಲ್ಲಿ ಕೂತು ಕಂಬ ನೋಡಿ ಎಡ ಬಲ ಹೇಳಬೇಕಾದ ಅವನ ಗೆಳೆಯನಿಗೆ ಜ್ವರ. ಇಬ್ಬರಿಲ್ಲದೆ ಜೀಪು ಹೊರಡುವಂತಿಲ್ಲ.

"ನೀವೇ ಕೂತ್ಕಳಿ. ಕ್ಯಾಮ್ರಾ ನೋಡ್ಕಂಡಂಗೂ ಆಯ್ತದೆ" ಎಂದು ಶೋಭಾ ನನ್ನ ತಲೆಗೆ ಹೆಲ್ಮೆಟ್ ತುರುಕಿದಳು. ನನ್ನ ಮಾವ ದೂರದಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅವರ ಮುಂದೆ ಹೆದರಿಕೆ ತೋರಿಸಲು ಅಳಿಯತನ ಅಡ್ಡ ಬಂತು. ಗಂಭೀರವಾಗಿ ಕ್ಯಾಮೆರಾ ಗುಂಡಿ ಒತ್ತಿ, ಬೆಲ್ಟು ಬಿಗಿದು ಕೂತೆ.

ಬಾವುಟ ಬಿತ್ತು. ಜೀಪು ಹಾರಿತು. ಕರುಳು ಮಾತ್ರ ಹಾರದೆ ಅಲ್ಲೇ ಉಳಿಯಿತು. ಎದುರಿಗೆ ಕೆಸರಿನ ಹೊಂಡ ಬಂದಿದ್ದು ನೆನಪಿದೆ. ಆಮೇಲೆ ಜಗತ್ತೇ ಕತ್ತಲಾಯಿತು. ಕೆಸರು ಬಡಿದು ಹಾಗಾಯಿತೆಂದೇ ಆಗ ತಿಳಿದಿದ್ದೆ. ಪಕ್ಕದಲ್ಲಿ ಮಂಜ ಏನೋ ಕೂಗುತ್ತಿದ್ದ. ನಾನೂ ಏನೋ ಕೂಗುತ್ತಿದ್ದೆ. ಗಾಡಿ ನಿಂತಾಗ ಜನ ಸಿಳ್ಳೆ ಹಾಕುತ್ತಿದ್ದರು. ಎಲ್ಲರಿಗಿಂತ ಬೇಗ ಬಂದಿದ್ದೆವು! ಮಂಜ ಪಂಜರದಿಂದ ಜಿಗಿದು ನನ್ನನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಮಾವನವರು ಟವೆಲಿನಿಂದ ಮೀಸೆ ಒರೆಸಿಕೊಂಡರು. ಅವರ ನಗು ಅಡಗಿಸಿಕೊಳ್ಳುವ ರೀತಿ ಅದು.

ಅಷ್ಟರಲ್ಲಿ ಎರಡನೆಯದಾಗಿ ಬಂದವನ ಕಡೆಯವರು ತಕರಾರು ತೆಗೆದರು. ಹಳ್ಳದ ಕೊನೆಯ ಕಂಬಗಳ ಹೊರಗಿನಿಂದ ನಾವು ಬಂದೆವಂತೆ. ಅಲ್ಲಿ ನಿಂತಿದ್ದ ಕಾವಲಿನವನಿಗೆ ಕೆಸರು ಸಿಡಿದು ಏನೂ ಕಂಡಿರಲಿಲ್ಲ. ತೀರ್ಪುಗಾರರು ವಯಸ್ಸಾದವರು, ನಿಧಾನಸ್ಥರು. ನನ್ನನ್ನು ಕರೆದರು.

"ಕಂಬ ನೋಡೋ ಕೆಲ್ಸ ನಿಮ್ದು. ನೀವು ನೋಡುದ್ರಾ?"

"ನನ್ನ ಈ ಎರಡು ಕಣ್ಣಾರೆ ನೋಡ್ದೆ ಸಾರ್! ಒಳಗೇ ಬಂದ್ವಿ."

"ಸರಿ ಬುಡಿ. ದೊಡ್ಡೋರು, ಸುಳ್ಳು ಯಾಕೇಳ್ತೀರಿ" ಎಂದು ಅವರು ಕೈಗೆ ಕಪ್ ಎತ್ತಿಕೊಂಡರು. ಎತ್ತಿಕೊಂಡೇಬಿಟ್ಟಿದ್ದರು! ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ನಾನು ಈ ಗೋಳು ಬರೆಯುತ್ತಿರಲಿಲ್ಲ.

"ಬರೀ ಮಾತ್ಯಾಕೆ ಸಾರ್? ವಿಡಿಯೋನೇ ಇದೆ!" ಎಂದೆ.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ. ಬಹುಮಾನ ವಿತರಣೆಗೆಂದು ದೊಡ್ಡ ಪರದೆ ಇಟ್ಟಿದ್ದರು. ಅದಕ್ಕೆ ಮೈಕ್ ಸೆಟ್ಟೂ ಜೋಡಿಸಿದ್ದರು. ನನ್ನ ವಿಡಿಯೋ ಶುರುವಾಯಿತು.

ಚಿತ್ರದ ಗುಣಮಟ್ಟದ ಬಗ್ಗೆ ನನ್ನ ದೂರು ಏನೂ ಇಲ್ಲ. ಅಲುಗಾಟ ತಡೆಯುವ ಶಕ್ತಿ ಪೂರ್ತಿ ಕೆಲಸ ಮಾಡಿತ್ತು. ಹಿಂದಿನ ಬಯಲು ಕಾಣಬೇಕಾದ ಜಾಗದಲ್ಲಿ ಸ್ಟೆಪ್ನಿ ಚಕ್ರ ದುಂಡಗೆ ಕೂತಿತ್ತು. ಒಂದು ಕಂಬವೂ ಇಲ್ಲ. ಅದರ ಮುಂದೆ ಎರಡು ಮುಖ. ಮಂಜ ಹಲ್ಲು ಕಚ್ಚಿ ಸ್ಟೀರಿಂಗ್ ತಿರುಗಿಸುತ್ತಿದ್ದಾನೆ. ಪಕ್ಕದಲ್ಲಿ ನಾನು. ಮುಖದ ಮೇಲೆ ಒಂದು ಹನಿ ಕೆಸರಿಲ್ಲ. ಎರಡೂ ಕೈ ಮುಗಿದಿದ್ದೇನೆ. ಎರಡು ಕಣ್ಣೂ ಬಿಗಿಯಾಗಿ ಮುಚ್ಚಿವೆ. ಮೊದಲ ಹೊಂಡದಿಂದ ಹಿಡಿದು ಗಾಡಿ ನಿಲ್ಲುವವರೆಗೂ!

ಮೈಕಿನಲ್ಲಿ ಮಂಜನ ದನಿ ಹೊಳೆಯಾಚೆಗೂ ಕೇಳಿಸಿತು: "ಭಾವ, ಕೊನೇ ಕಂಬ ಎಡಕ್ಕಾ ಬಲಕ್ಕಾ? ಏಳಿ ಭಾವ!"

ಅದಕ್ಕೆ ನನ್ನ ಮಾರ್ಗದರ್ಶನ: "ನಿಲ್ಸೋ! ನರಸಿಂಹಸ್ವಾಮೀ! ನಾನು ಇಳ್ಕತೀನಿ, ನಿಲ್ಸೋ!"

ತೀರ್ಪುಗಾರರು ನಗಲಿಲ್ಲ. "ಕಣ್ಣಾರೆ ನೋಡ್ದೆ ಅಂದ್ರಲ್ಲ ಯಜಮಾನ್ರೇ" ಎಂದಷ್ಟೇ ಹೇಳಿ ಕಪ್ಪನ್ನು ಮತ್ತೊಬ್ಬನ ಕೈಗೆ ಕೊಟ್ಟರು.

ಮಂಜ ಒಳಗಿಂದಲೇ ಬಂದಿದ್ದ. ನನಗೆ ಈಗಲೂ ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಹೇಳಬಲ್ಲ ಇನ್ನೊಬ್ಬ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ನಾನು ನೋಡಿರಲಿಲ್ಲ. ಹುಡುಗ ನನಗೆ ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಅವನು ಸೈಕಲ್ ಟ್ಯೂಬು ಬಿಚ್ಚಿ, ಕ್ಯಾಮೆರಾ ಒರೆಸಿ, ನನ್ನ ಕೈಗಿಟ್ಟ. ಅವತ್ತಿನ ಸಂಕಟ ನನ್ನ ಶತ್ರುವಿಗೂ ಬೇಡ.

ಮಾವ ಮಾತಿಗೆ ತಪ್ಪುವವರಲ್ಲ. ಪಂಜರ ಕುಯ್ಯಿಸಿದರು, ಹಲಗೆ ಹೊಡೆಸಿದರು. ವಿಡಿಯೋ ಹಾಸನ ಜಿಲ್ಲೆಯ ಎಲ್ಲ ಮೊಬೈಲುಗಳಿಗೂ ಹೋಯಿತು. ಶ್ರವಣಬೆಳಗೊಳದಿಂದ ಮದುವೆ ಬುಕ್ ಮಾಡಲು ಬಂದ ಗಂಡಿನ ತಂದೆ, "ಮೂರ್ತದ್ ಒತ್ತಲ್ಲಿ ಕಣ್ ಬುಟ್ಕಂಡಿರ್ತೀರ ಸಾ?" ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ಕಳೆದ ವಾರ ಅರಕಲಗೂಡಿಗೆ ಹೋಗಿದ್ದೆ. ಮಂಜ ಶುಂಠಿ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ. ಮಾವ, "ಬಸ್ ಸ್ಟ್ಯಾಂಡ್‌ಗಂಟ ಅದ್ರಲ್ಲೇ ಓಗಿ ಅಳಿಯಂದ್ರೇ" ಎಂದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅದೇ ಸೀಟಿನಲ್ಲಿ ಕೂತೆ. ಜೀಪು ಭಾರಕ್ಕೆ ನರಳುತ್ತಾ ಒಂದು ತಿರುವಿಗೆ ಬಂತು. ಆಗ ಮೆಲ್ಲಗೆ ಅವನ ದನಿ ಕೇಳಿಸಿತು.

"ಕಣ್ ಬುಡಿ ಭಾವ. ಇದು ಟಾರ್ ರೋಡು."

ಬಿಟ್ಟೆ. ಸೈಕಲ್ಲಿಗೆ ಹುಲ್ಲಿನ ಹೊರೆ ಕಟ್ಟಿಕೊಂಡ ಒಬ್ಬ ಅಜ್ಜ ಬೆಲ್ ಹೊಡೆಯುತ್ತಾ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದ.