ಹುಲ್ಲಿನ ಕುಟುಂಬದ ಏಕಾದಶಿ

ಭೂಮಂಡಲದ ಸಕಲ ಜೀವರಾಶಿಯನ್ನು ಐದೇ ಐದು ಸಾಮ್ರಾಜ್ಯಗಳಲ್ಲಿ ಅಚ್ಚುಕಟ್ಟಾಗಿ ಕೂಡಿಸಬಹುದಾದರೆ, ಹತ್ತಡಿ ಉದ್ದದ ನಮ್ಮ ಅಡಿಗೆಮನೆಯನ್ನು ನಾನು ಕೂಡಿಸಲಾರೆನೇ? ಕೂಡಿಸಿಯೇ ತೀರುತ್ತೇನೆ! ಹೀಗೆಂದು ನಾನು ಶಪಥ ಮಾಡಿದ್ದು ಆಷಾಢದ ಒಂದು ರವಿವಾರ, ಎರಡನೇ ಸಲದ ಚಹಾ ಕುಡಿದ ಮೇಲೆ. ಹೆಂಡತಿ ಕಸ್ತೂರಿ ನಮ್ಮವ್ವನನ್ನು ಕರೆದುಕೊಂಡು ತವರಾದ ಘೋಡಗೇರಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಳು. ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲ.

ನಾನು ಮೂಡಲಗಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ, ಹೆಸರು ಮಾಲಿಂಗ. ವಿಜ್ಞಾನದ ಟೀಚರು ಬಾಣಂತನದ ರಜೆ ಹಾಕಿದ್ದರಿಂದ ಹೆಡ್‌ಮಾಸ್ತರರು ಜೀವಶಾಸ್ತ್ರವನ್ನು ತಂದು ನನ್ನ ಕೊರಳಿಗೆ ಕಟ್ಟಿದರು. ಮೊದಲು ಗಾಬರಿಯಾಯಿತು. ಆದರೆ ಜೀವಿಗಳ ವರ್ಗೀಕರಣ ಎಂಬ ಪಾಠ ತೆರೆದದ್ದೇ ತಡ, ಅರೆ, ಇದು ನಮ್ಮದೇ ಡ್ರಿಲ್ಲು! ಹುಡುಗರನ್ನು ಎತ್ತರದ ಪ್ರಕಾರ ಸಾಲು ಹಚ್ಚುವುದಕ್ಕೂ ಪ್ರಾಣಿಗಳನ್ನು ಬೆನ್ನೆಲುಬಿನ ಪ್ರಕಾರ ಸಾಲು ಹಚ್ಚುವುದಕ್ಕೂ ಬೇಕಾದದ್ದು ಒಂದು ಸೀಟಿ ಮತ್ತು ದೊಡ್ಡ ಗಂಟಲು. ಎರಡೂ ನನ್ನ ಹತ್ತಿರ ಇದ್ದವು.

ಅಂದಿನಿಂದ ನನಗೆ ಎಲ್ಲೆಲ್ಲೂ ಬಂಧು ಬಳಗವೇ ಕಾಣತೊಡಗಿತು. ನಮ್ಮ ಅಡಿಗೆಮನೆಯ ಸ್ಥಿತಿ ನೋಡಿ ಮಾತ್ರ ಹೊಟ್ಟೆ ಉರಿಯಿತು. ಕಸ್ತೂರಿಯ ವರ್ಗೀಕರಣ ಬಹಳ ಸರಳ: ದಿನದ್ದು ಕೆಳಗೆ, ಹಬ್ಬದ್ದು ನಡುವೆ, ಉಪವಾಸಕ್ಕೆ ನಡೆಯುವಂಥದ್ದು ಮೇಲಿನ ಹಲಗೆಯ ಮೇಲೆ. ಉಪವಾಸದ ಹಲಗೆಯಲ್ಲಿ ಸಾಬುದಾಣಿ, ಶೇಂಗಾ, ಸಾವೆ ಅಕ್ಕಿ, ಬಟಾಟೆ. ಇದೆಂಥ ನ್ಯಾಯ ನೋಡಿ. ಬಟಾಟೆ ಉಪವಾಸಕ್ಕೆ ನಡೆಯುತ್ತದೆ, ಅದರ ಖಾಸ ತಂಗಿ ಬದನೆಕಾಯಿ ನಡೆಯುವುದಿಲ್ಲ! ಶೇಂಗಾ ಮೇಲೆ ಕೂತಿದೆ, ಅದರ ಅಣ್ಣ ತೊಗರಿ ಕೆಳಗೆ ಬಿದ್ದಿದೆ. ದಾಯಾದಿಗಳನ್ನು ಹೀಗೆ ಅಗಲಿಸಿದ ಪಾಪ ನಮ್ಮ ಮನೆಗೆ ಬೇಡವೆಂದು ನಾನು ಲುಂಗಿ ಎತ್ತಿ ಕಟ್ಟಿದೆ.

ಗೋಕಾಕದಿಂದ ತಂದಿಟ್ಟಿದ್ದ ಒಂದೇ ಅಳತೆಯ ಪ್ಲಾಸ್ಟಿಕ್ ಡಬ್ಬಿಗಳಿಗೆ ಎಲ್ಲವನ್ನೂ ಸುರಿದೆ. ಬಟಾಟೆ, ಬದನೆ, ಟೊಮೇಟೊ, ಮೆಣಸಿನಕಾಯಿ ಒಂದೇ ಬುಟ್ಟಿಗೆ ಬಂದವು. ತಂಬಾಕು ಕೂಡ ಅದೇ ಕುಟುಂಬದ್ದೆಂದು ಪುಸ್ತಕ ಹೇಳಿದ್ದರಿಂದ ಅವ್ವನ ಎಲೆ ಸಂಚಿಯನ್ನೂ ಅಲ್ಲಿಯೇ ಇಟ್ಟೆ. ಬಾಳೆಹಣ್ಣು, ಅರಿಶಿಣ ಒಂದೇ ಗಣ. ಜೋಡಿಯಾಗಿ ಮೂಲೆ ಸೇರಿದವು. ಸಾಬುದಾಣಿ ಬರುವುದು ಮರಗೆಣಸಿನಿಂದ, ಮರಗೆಣಸು ಔಡಲದ ಬಂಧು. ಹಾಗಾಗಿ ಸಾಬುದಾಣಿಯ ಡಬ್ಬಿಯೊಳಗೇ ಔಡಲೆಣ್ಣೆಯ ಬಾಟಲಿ. ಮೊಸರಿಗೆ ಬ್ಯಾಕ್ಟೀರಿಯಾಗಳ ಸಾಮ್ರಾಜ್ಯ, ಬೂಷ್ಟು ಹಿಡಿದ ಉಪ್ಪಿನಕಾಯಿಗೆ ಶಿಲೀಂಧ್ರಗಳ ಸಾಮ್ರಾಜ್ಯ. ಕೊನೆಗೆ ಉಳಿದದ್ದು ಮಹಾ ಪರಿವಾರ: ಜೋಳ, ಗೋಧಿ, ಅಕ್ಕಿ, ಇಡ್ಲಿ ರವೆ, ಸಾವೆ, ಕಬ್ಬಿನ ಮಗಳಾದ ಸಕ್ಕರೆ. ಎಲ್ಲವೂ ಹುಲ್ಲಿನ ಕುಟುಂಬ! ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿ, ಎಲ್ಲದರ ಎದೆಗೂ 'ಹುಲ್ಲಿನ ಕುಟುಂಬ' ಎಂದು ಚೀಟಿ ಅಂಟಿಸಿದೆ. ಒಂದೇ ತಂಡದ ಹುಡುಗರಿಗೆ ಒಂದೇ ಬಣ್ಣದ ಅಂಗಿ ಇದ್ದಂತೆ ನೋಡಲು ಬಲು ಚೆಂದವಾಗಿತ್ತು.

ಸಂಜೆ ಅತ್ತೆ ಸೊಸೆ ಬಂದರು. ಅವ್ವ ಮೊದಲು ಸಂಚಿ ಹುಡುಕಿದಳು. ಬದನೆಕಾಯಿಗಳ ನಡುವೆ ಅದು ಸಿಕ್ಕಾಗ ನಾನು ರಕ್ತಸಂಬಂಧವನ್ನು ವಿವರಿಸಿದೆ.

"ಹಂಗಾರ ನಾಳಿಂದ ಎಲಿಯಾಗ ಬದನಿಕಾಯಿ ಸುತ್ತಿ ಕೊಡಪಾ, ಅದನ್ನ ಅಗೀತೀನಿ," ಎಂದಳು.

ಕಸ್ತೂರಿ ಒಂದೊಂದೇ ಚೀಟಿ ಓದುತ್ತ ಸಾಲಿನ ಕೊನೆಯವರೆಗೆ ನಡೆದಳು. ಅದು ಒಳ್ಳೆಯ ಲಕ್ಷಣವಲ್ಲವೆಂದು ಲಗ್ನವಾದ ಗಂಡಸರಿಗೆಲ್ಲ ಗೊತ್ತು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹೇಳಿದಳು:

"ಕುಟುಂಬ ನೀವ ಮಾಡ್ಕೋರಿ, ಸಂಸಾರ ನಾ ಮಾಡತೀನಿ. ಈ ಡಬ್ಬಿ ನೀವ ಹಚ್ಚೀರಿ, ಇನ್ನ ನನಗ ಏನ ಬೇಕಾದ್ರೂ ನೀವ ತಗದ ಕೊಡಬೇಕ."

ಹೀಗೆ ನಾನು ನನ್ನದೇ ಮನೆಯಲ್ಲಿ ಉಗ್ರಾಣಿಯಾದೆ. ಅದೇ ವಾರ ಆಷಾಢ ಏಕಾದಶಿ. ಅವ್ವನ ಭಜನೆ ಮಂಡಳಿಯವರು ಪ್ರತಿ ಏಕಾದಶಿಗೆ ಒಬ್ಬೊಬ್ಬರ ಮನೆಯಲ್ಲಿ ಭಜನೆ ಮಾಡಿ, ಅಲ್ಲಿಯೇ ಫರಾಳ, ಅಂದರೆ ಉಪವಾಸಕ್ಕೆ ನಡೆಯುವ ತಿಂಡಿ, ಮಾಡುತ್ತಾರೆ. ದೊಡ್ಡ ಏಕಾದಶಿಯ ಪಾಳಿ ಸಿಗಬೇಕೆಂದು ಅವ್ವ ಎಷ್ಟೋ ವರ್ಷ ಕಾದಿದ್ದಳು. ಈ ಸಲ ಸಿಕ್ಕಿತ್ತು. ಅದರ ಮೇಲೆ ಇನ್ನೊಂದು ಜಿದ್ದು. ಹೋದ ವರ್ಷ ಮಂಡಳಿಯ ಬಾಳವ್ವನ ಮನೆಯ ಸಾಬುದಾಣಿ ಖಿಚಡಿ ಅಂಟಿನ ಹಾಗೆ ಹಲ್ಲಿಗೆ ಹತ್ತಿಕೊಂಡಿತ್ತೆಂದು ನಮ್ಮವ್ವ ಊರ ತುಂಬ ಹೇಳಿದ್ದಳು. ಈಗ ಬಾಳವ್ವ ಎರಡೂ ಕಣ್ಣು ತೆರೆದುಕೊಂಡು ಬರುವವಳಿದ್ದಳು. ಅಂದರೆ ಅಂದು ಬೇಯಬೇಕಾದದ್ದು ಬರೀ ಫರಾಳವಲ್ಲ, ನಮ್ಮವ್ವನ ಮಾನ.

ಏಕಾದಶಿಯ ಸಂಜೆ ನಾನು ಸಾಬುದಾಣಿಯ ಡಬ್ಬಿ ತೆಗೆದುಕೊಟ್ಟೆ. ಕಸ್ತೂರಿ ಮುಚ್ಚಳ ತೆರೆದು ಮೂಗು ಮುಚ್ಚಿಕೊಂಡಳು. ಔಡಲೆಣ್ಣೆ ಸೋರಿ, ಬಂಧುವನ್ನು ಪ್ರೀತಿಯಿಂದ ಆಲಿಂಗಿಸಿತ್ತು! ಅಂಗಡಿಗೆ ಓಡಿದೆ. ಏಕಾದಶಿಯ ಸಂಜೆ ಅಂಗಡಿಯಲ್ಲಿ ಸಾಬುದಾಣಿ ಎಲ್ಲಿ ಉಳಿದೀತು? ಕಡೆಗೆ ಸಾವೆಯ ಉಪ್ಪಿಟ್ಟು ಎಂದು ತೀರ್ಮಾನವಾಯಿತು. ಬಾಜೂಮನೆಯ ಶಹನಾಜಬಿ ದೊಡ್ಡ ಪಾತೇಲಿ ಕೊಟ್ಟಳು. ಪಡಸಾಲೆಯಲ್ಲಿ ಆರತಿಗೆ ಕೈಯಾಸರೆಯಾಗಲು ಹೋದ ಕಸ್ತೂರಿ ಅಲ್ಲಿಂದಲೇ, ನೀರು ಕುದಿದಿದ್ದರೆ ಸಾವೆ ಹಾಕಿ ತಿರುವಿರಿ ಎಂದು ಕೂಗಿದಳು. ನಾನು ಹುಲ್ಲಿನ ಕುಟುಂಬದ ಮುಂದೆ ನಿಂತೆ. ಎರಡು ಡಬ್ಬಿಗಳಲ್ಲಿ ಬೆಳ್ಳಗಿನ, ಸಣ್ಣ ಸಣ್ಣ ಕಾಳು. ಎರಡರ ಎದೆಯ ಮೇಲೂ ಒಂದೇ ಚೀಟಿ. ಸಾಲಿನಲ್ಲಿ ಮುಂದೆ ನಿಂತವನನ್ನೇ ಮೊದಲು ಕರೆಯುವುದು ಪಿ.ಟಿ. ಮಾಸ್ತರನ ಧರ್ಮ. ಕರೆದೆ, ಸುರಿದೆ, ತಿರುವಿದೆ.

ಭಜನೆ ಮುಗಿಯಿತು, ಪಂಕ್ತಿ ಕೂತಿತು. ಶೇಂಗಾ ಪುಡಿ, ಹಸಿಮೆಣಸಿನಕಾಯಿ, ತುಪ್ಪ ಬಿದ್ದ ಆ ಉಪ್ಪಿಟ್ಟನ್ನು ಬಾಳವ್ವ ಮೊದಲು ಅನುಮಾನದಿಂದ, ಆಮೇಲೆ ಅವಸರದಿಂದ ತಿಂದಳು. ಎರಡನೇ ಸಲ ಹಾಕಿಸಿಕೊಂಡಳು. ಇಷ್ಟು ಮೆತ್ತಗಿನ ಸಾವೆಯನ್ನು ತಾನು ಹುಟ್ಟಿದಾಗಿನಿಂದ ತಿಂದಿಲ್ಲ ಎಂದು ಎಲ್ಲರ ಮುಂದೆ ಒಪ್ಪಿಕೊಂಡಳು. ನಮ್ಮವ್ವ ನನ್ನ ಕಡೆ ನೋಡಿ ನಕ್ಕಳು. ನಾನು ಜಿಲ್ಲಾ ಮಟ್ಟದಲ್ಲಿ ಕಬಡ್ಡಿ ಗೆದ್ದಾಗಲೂ ಅವಳು ಹಾಗೆ ನಕ್ಕಿರಲಿಲ್ಲ.

ಮೂರನೇ ಸಲ ತರಲು ಒಳಗೆ ಹೋದ ಕಸ್ತೂರಿ ನನ್ನನ್ನು ಕಣ್ಣಲ್ಲೇ ಕರೆದಳು. ಅವಳ ಅಂಗೈಯಲ್ಲಿ ಒಂದು ಚಿಟಿಕೆ ಕಾಳಿತ್ತು.

"ರೀ, ಸಾವಿ ಡಬ್ಬಿ ತುಂಬಿದ್ದು ತುಂಬಿದಂಗ ಐತಿ."

"ಹಂಗಾರ ನಾ ಹಾಕಿದ್ದೇನು?"

"ಇಡ್ಲಿ ರವಾ. ಅಕ್ಕೀದು."

ಏಕಾದಶಿಯ ದಿನ ಅಕ್ಕಿ! ಮಂಡಳಿಯ ಎಲ್ಲ ಮುದುಕಿಯರಿಗೂ ನಾನು ಒಂದೇ ಪಾತೇಲಿಯಲ್ಲಿ ಅನ್ನ ಉಣ್ಣಿಸಿದ್ದೆ. ಸುಮ್ಮನಿದ್ದರೆ ಪಾಪ, ಹೇಳಿದರೆ ಅವ್ವನ ಮಾನ. ಹೇಳಲೇಬೇಕು ಎಂದಳು ಕಸ್ತೂರಿ. ಆಗ ನನಗೆ ಹೊಳೆಯಿತು: ಹೇಳೋಣ, ಆದರೆ ವೈಜ್ಞಾನಿಕವಾಗಿ ಹೇಳೋಣ.

ಪಂಕ್ತಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ಸಾವೆ, ಅಕ್ಕಿ, ಜೋಳ ಎಲ್ಲವೂ ಒಂದೇ ಹುಲ್ಲಿನ ಕುಟುಂಬದ ಮಕ್ಕಳೆಂದೂ, ನಿಸರ್ಗದಲ್ಲಿ ಅವಕ್ಕೆ ಭೇದವಿಲ್ಲವೆಂದೂ, ಒಂದು ತಿಂದರೂ ಇನ್ನೊಂದು ತಿಂದರೂ ಫಲ ಒಂದೇ ಎಂದೂ ಭಾಷಣ ಬಿಗಿದೆ. ಬಾಳವ್ವ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದಳು.

"ಅಕ್ಕಿ ಅಂತೂ ನಡಿಯಂಗಿಲ್ಲ ಮಾಸ್ತರ. ಹಂಗಾರ ಸಾವೀನೂ ನಡಿಯಂಗಿಲ್ಲೇನು?"

"ವಿಜ್ಞಾನದ ಪ್ರಕಾರ ನಡಿಯಂಗಿಲ್ಲ."

"ಅಂದ್ರ ನಾ ಲಗ್ನ ಆದಾಗಿಂದ ಮಾಡಿದ್ದ ಏಕಾದಶಿ ಎಲ್ಲಾ ಹ್ವಾದುವು?"

ಒಂದು ಸಂಜೆಯ ಉಪವಾಸ ಉಳಿಸಲು ಹೋಗಿ ನಾನು ಇಡೀ ಮಂಡಳಿಯ ಜೀವಮಾನದ ಉಪವಾಸಗಳನ್ನೆಲ್ಲ ಕೆಡಿಸಿದ್ದೆ. ಮೂಲೆಯಲ್ಲಿದ್ದ ಅಲ್ಲವ್ವ ಎಂಬ ಮುದುಕಿ ಅಳಲಿಕ್ಕೇ ಶುರುಮಾಡಿದಳು. ಅವ್ವ ಮಾತ್ರ ಭಾಷಣಕ್ಕೆ ಮರುಳಾಗಲಿಲ್ಲ. ನನ್ನನ್ನು ಹೆತ್ತವಳಲ್ಲವೇ!

"ಮಾಲಿಂಗಾ, ಇದರಾಗ ಏನ ಹಾಕಿ?"

ಹೇಳಿದೆ. ಅವ್ವ ತಾಟನ್ನು ಮೆಲ್ಲಗೆ ಮುಂದಕ್ಕೆ ಸರಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಮುಖ ಬಾಡಿಸಿಕೊಂಡು ಕೂತಳು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಆಗ ಪಾತೇಲಿ ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಶಹನಾಜಬಿ ಅವ್ವನ ಕಡೆ ತಿರುಗಿ ಬಾಯಿಬಿಟ್ಟಳು.

"ಮಾಯಕ್ಕಾ, ನಮ್ಮಲ್ಲಿ ಮರತ ತಿಂದ್ರ ರೋಜಾ ಮುರಿಯೂದಿಲ್ಲ. ನೀವೂ ಬೇಕಂತ ತಿಂದಿಲ್ಲಲ್ಲ. ದೇವರಿಗಿ ಅಷ್ಟ ತಿಳಿಯಂಗಿಲ್ಲೇನು?"

ಪಂಕ್ತಿಯಲ್ಲಿ ಉಸಿರು ತಿರುಗಿತು. ಅಲ್ಲವ್ವ ಕಣ್ಣೊರೆಸಿಕೊಂಡಳು. ವಿಠ್ಠಲನಿಗೆ ಇಷ್ಟು ತಿಳಿಯದೇನು ಎಂದು ಬಾಳವ್ವನೂ ಒಪ್ಪಿದಳು. ತಾನು ಮೆಚ್ಚಿದ್ದು ರುಚಿಯನ್ನೇ ಹೊರತು ಸಾವೆಯನ್ನಲ್ಲ, ಆ ಮಾತನ್ನು ಹಿಂದಕ್ಕೆ ತಗೊಳ್ಳುವುದಿಲ್ಲ ಎಂದೂ ಹೇಳಿದಳು. ಅವ್ವನ ಮುಖ ಮತ್ತೆ ಅರಳಿತು. ನಾನು ಮೆಲ್ಲನೆ ಹೊರಗೆ ಜಾರುತ್ತಿದ್ದೆ.

"ನಿಂದರ," ಎಂದಳು ಅವ್ವ. "ಇವರ್ಯಾರೂ ಮುರದಿಲ್ಲ ಅಂದಮ್ಯಾಲ ಮುರದಾವ ನೀನ. ಬರೂ ಏಕಾದಶಿ ನೀ ಹಿಡಿ."

ಮಂಡಳಿ ಒಕ್ಕೊರಲಿನಿಂದ ಅನುಮೋದಿಸಿತು.

ಹದಿನೈದು ದಿನ ಕಳೆದದ್ದೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ಕಸ್ತೂರಿ ಐದೂ ಸಾಮ್ರಾಜ್ಯಗಳನ್ನು ಉರುಳಿಸಿ, ಉಪವಾಸದ ಹಲಗೆಯನ್ನು ಮತ್ತೆ ಪಟ್ಟಕ್ಕೇರಿಸಿದ್ದಳು. ಏಕಾದಶಿಯ ದಿನ ಸಾಲೆಯಲ್ಲಿ ಹುಡುಗರನ್ನು ಓಡಲು ಬಿಟ್ಟು ನಾನು ಬೇವಿನ ಮರ ಹಿಡಿದು ನಿಂತೆ. ಸಂಜೆ ಮನೆಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಧೈರ್ಯವಿತ್ತು. ಏಕಾದಶಿಯೆಂದರೆ ಕೊನೆಗೆ ಫರಾಳ ಇದ್ದೇ ಇರುತ್ತದಲ್ಲ! ನಾನು ವಿನಯದಿಂದ ಒಂದು ಕುದಿಸಿದ ಬಟಾಟೆ ಕೇಳಿದೆ.

"ಬಟಾಟಿ, ಬದನಿ ಅಕ್ಕ ತಂಗಿ ಅಂದಿದ್ರಿ. ಬದನಿ ನಡಿಯಂಗಿಲ್ರಿ," ಎಂದಳು ಕಸ್ತೂರಿ.

"ಒಂದ ಮುಟಗಿ ಶೇಂಗಾ?"

"ತೊಗರಿ ತಮ್ಮ ಅಲ್ಲೇನ್ರಿ ಅದು?"

ಸಾವೆಯ ಹೆಸರೆತ್ತುವ ಧೈರ್ಯ ನನಗಿರಲಿಲ್ಲ. ಬಾಳೆಹಣ್ಣು ಕೇಳಿದೆ. ಬಾಳೆ, ಅರಿಶಿಣ ಒಂದೇ ಗಣವೆಂದು ನಾನೇ ಮೂಲೆಯಲ್ಲಿ ಜೋಡಿಸಿದ್ದನ್ನು ಅವಳು ನೆನಪಿಸಿದಳು. ಅರಿಶಿಣ ಉಪವಾಸಕ್ಕೆ ವರ್ಜ್ಯ. ಮೊಸರು ಬ್ಯಾಕ್ಟೀರಿಯಾಗಳ ಸಾಮ್ರಾಜ್ಯಕ್ಕೆ ಹೋಗಿತ್ತು, ಹಾಲು ಪ್ರಾಣಿಗಳ ಸಾಮ್ರಾಜ್ಯಕ್ಕೆ. ಅವ್ವ ಹೊರಗೆ ತಂಬಾಕು ತಿಕ್ಕುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಹಂಗಾರ ನಾ ಏನ ತಿನ್ನಲೇ?" ಎಂದು ಗೋಡೆಗೆ ಒರಗಿ ಕುಸಿದು ಕೂತೆ.

ಕಸ್ತೂರಿ ತಂಬಿಗೆ ತುಂಬಿ ತಂದು ನನ್ನ ಮುಂದಿಟ್ಟಳು.

"ನೀರಿಗಿ ಯಾವ ಕುಟುಂಬಾನೂ ಇಲ್ರಿ. ಹೊಟ್ಟಿ ತುಂಬ ಕುಡೀರಿ."