ಉತ್ತರ ಹೇಳಿದವರಿಗೇ ಕಾಫಿ

ನಮ್ಮ ಸೋದರಮಾವನಿಗೆ ವಾರದಲ್ಲಿ ಆರು ದಿನ ಹುಚ್ಚಿಲ್ಲ. ಇದನ್ನು ಬೇಕಾದರೆ ಕರ್ಪೂರ ಹಚ್ಚಿ ಪ್ರಮಾಣ ಮಾಡಿ ಹೇಳುತ್ತೇನೆ. ಆ ಆರು ದಿನ ಅವರು ಹೊಳೆನರಸೀಪುರದ ಮರ್ಯಾದಸ್ಥ ಮನುಷ್ಯರು. ಬದನೆಕಾಯಿಗೆ ಚೌಕಾಸಿ ಮಾಡುತ್ತಾರೆ, ಹೊಳೆಯಲ್ಲಿ ನೀರು ಎಷ್ಟು ಬಂತು ಅಂತ ವಿಚಾರಿಸುತ್ತಾರೆ, ರಾಜಕೀಯದವರನ್ನು ಎಲ್ಲರ ಹಾಗೆ ಬಯ್ಯುತ್ತಾರೆ. ಏಳನೆಯ ದಿನ ಭಾನುವಾರ ಬರುತ್ತದಲ್ಲ, ಅವತ್ತು ಪೇಪರಿನ ಜೊತೆ ಪದಬಂಧವೂ ಬರುತ್ತದೆ. ಅಲ್ಲಿಗೆ ಮುಗಿಯಿತು!

ಸರ್ವೇಯರ್ ಆಗಿದ್ದವರು ಮಾವ. ವಾರವಿಡೀ ಊರವರ ಜಮೀನಿನ ಚೌಕ ಅಳೆಯುವುದು, ರಜೆಯ ದಿನ ಕೂತು ಪೇಪರಿನ ಚೌಕ ತುಂಬುವುದು. ಪದಬಂಧವೆಂದರೆ ಊಟ, ಸುಡೋಕು ಅಂದರೆ ಉಪ್ಪಿನಕಾಯಿ. ಅದೂ ಪೆನ್ನಿನಲ್ಲೇ ಬರೆಯಬೇಕು. ಪೆನ್ಸಿಲ್ ಹಿಡಿಯುವವನು ಹೇಡಿ ಅಂತ ಅವರ ಸಿದ್ಧಾಂತ. ತಪ್ಪಾದರೆ? ತಪ್ಪಾದರೆ ಪೇಪರಿನವರದು ತಪ್ಪು!

ಆಗೆಲ್ಲ ಅವರಿಗೆ ಒಂದೇ ಒಂದು ವಿಷಯಕ್ಕೆ ಕೋಪ ಬರುತ್ತಿತ್ತು. ಬೇರೆ ಯಾರೂ ಉತ್ತರ ಹೇಳಬಾರದು. ಮಗಳನ್ನು ನೋಡಲು ಚನ್ನರಾಯಪಟ್ಟಣದಿಂದ ಗಂಡಿನ ಕಡೆಯವರು ಬಂದದ್ದು, ನಮ್ಮ ಗ್ರಹಚಾರಕ್ಕೆ, ಒಂದು ಭಾನುವಾರ. ಹುಡುಗನ ತಂದೆ ತೆಂಗಿನಕಾಯಿ ಮಂಡಿಯ ಯಜಮಾನರು, ಕಂಚಿನ ಕಂಠ. ಮಾವ ಅವರ ಪಕ್ಕ ಕೂತು ತೊಡೆಯ ಮೇಲೆ ಪೇಪರು ಮಡಿಸಿಕೊಂಡು, ಯಾರಿಗೂ ಕಾಣುತ್ತಿಲ್ಲ ಅಂದುಕೊಂಡು ಪೆನ್ನು ಆಡಿಸುತ್ತಿದ್ದರು. ಬಿಸಿಲ್ಗುದುರೆ, ನಾಲ್ಕಕ್ಷರ. ಮಂಡಿಯವರು ಬಗ್ಗಿ ನೋಡಿ ಇಡೀ ಬೀದಿಗೆ ಕೇಳುವಂತೆ, "ಮರೀಚಿಕೆ ಕಣ್ರೀ ಬೀಗರೆ!" ಅಂದುಬಿಟ್ಟರು.

ಮಾವ ಎದ್ದರು. ಪೇಪರು ಮಡಿಸಿದರು. ಹಿತ್ತಲಿಗೆ ಹೋದವರು ವಾಪಸ್ಸು ಬರಲೇ ಇಲ್ಲ!

ಸಂಬಂಧ ಮುರಿದೇ ಹೋಗುತ್ತಿತ್ತು. ಅತ್ತೆ ಒಂದಿಷ್ಟೂ ಗಾಬರಿಯಾಗದೆ, "ಅವ್ರಿಗೆ ಬೆಳಿಗ್ಗೆಯಿಂದ ಒಟ್ಟೆ ಸರಿಯಿಲ್ಲ, ಬೇಜಾರು ಮಾಡ್ಕೋಬ್ಯಾಡಿ" ಅಂದರು. ಬೀಗರು ಒಳ್ಳೆಯ ಮನುಷ್ಯರು, ತಾವೇ ಮುಂದೆ ನಿಂತು ಓಮದ ಕಷಾಯ ಮಾಡಿಸಿದರು. ಕಲ್ಲಿನಂಥ ಹೊಟ್ಟೆಯ ಮಾವ ಸುಳ್ಳು ಉಳಿಸುವುದಕ್ಕಾಗಿ ಕೊನೆಗೂ ಹಿತ್ತಲಿನಿಂದ ಬಂದು ಒಂದು ಚೆಂಬು ಕಷಾಯವನ್ನು ಎಲ್ಲರೆದುರು ಕುಡಿದರು. ಮದುವೆ ನಿಶ್ಚಯವಾಯಿತು.

ಇದಾದರೂ ಪರವಾಗಿಲ್ಲ. ಅರಕಲಗೂಡಿನ ನಾಮಕರಣದ ಕಥೆ ಕೇಳಿ. ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿದರು. ಮಾವನ ಕೈಯಲ್ಲಿ ಪದಬಂಧ. ಅರಕಲಗೂಡು ಬಂತು. "ಇಳೀರಿ" ಅಂದರು ಅತ್ತೆ. "ಹ್ಞೂ" ಅಂದರು ಮಾವ. ಅತ್ತೆ ಇಳಿದರು, ಬಸ್ಸು ಹೊರಟಿತು, ಮಾವ ಒಳಗೇ! ರಾಮನಾಥಪುರದಲ್ಲಿ ಕಂಡಕ್ಟರ್ ಬಂದು, "ಸಾ, ಇಳ್ಕಳಿ, ಬಸ್ಸು ಇನ್ನು ಮುಂದಕ್ಕೋಗಾಕಿಲ್ಲ" ಅಂದರೆ ಇವರು ತಲೆ ಎತ್ತದೆ, "ಇಂದಕ್ಕೆ ಓಗ್ತದಲ್ಲ? ಇನ್ನೊಂದೇ ಪದ ಬಾಕಿ ಅದೆ, ಕೂತಿರ್ತೀನಿ ಬುಡಪ್ಪ" ಅಂದರಂತೆ. ಅದೇ ಬಸ್ಸಿನಲ್ಲಿ ಮತ್ತೆ ಅರಕಲಗೂಡನ್ನು ದಾಟಿ ನೇರ ಮನೆಗೆ ಬಂದರು. ಅತ್ತೆ ಹೋಳಿಗೆ ಊಟ ಮುಗಿಸಿಕೊಂಡು ಸಂಜೆಗೆ ಮನೆಗೆ ಬಂದರೆ ಜಗಲಿಯ ಮೇಲೆ ಕೂತಿದ್ದ ಗಂಡ ಗದರಿದರು: "ಎಲ್ಲಿಗೆ ಓಗಿದ್ಯೆ ಇಷ್ಟೊತ್ತು, ಒಂದು ಮಾತೂ ಏಳ್ದೆ?"

ಇಂಥ ಮನುಷ್ಯರ ಮನೆಗೆ ಜನ ಬರುತ್ತಿದ್ದರಾ ಅಂದರೆ, ಧಾರಾಳವಾಗಿ ಬರುತ್ತಿದ್ದರು! ಬರುತ್ತಿದ್ದದ್ದು ಅತ್ತೆಗಾಗಿ. ಯಾರಿಗೆ ಡಿಕಾಕ್ಷನ್ ಗಟ್ಟಿ ಇರಬೇಕು, ಯಾರಿಗೆ ಸಕ್ಕರೆ ಎಷ್ಟು, ಯಾರ ಮಗಳಿಗೆ ಎಷ್ಟು ತಿಂಗಳು, ಎಲ್ಲವೂ ಅತ್ತೆಯ ನಾಲಿಗೆಯ ತುದಿಯಲ್ಲಿ. ಜನ ಅಂದರೆ ಅವರಿಗೆ ಪ್ರಾಣ. ಮನೆಯಲ್ಲಿ ನಾಲ್ಕು ಜನ ಇಲ್ಲದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಈಚೆಗೆ ಮಾವನ ಹುಚ್ಚು ಮಗ್ಗುಲು ಬದಲಿಸಿತು. ಬೇರೆಯವರು ಉತ್ತರ ಹೇಳಿದರೆ ಹಿತ್ತಲಿಗೆ ಓಡುತ್ತಿದ್ದವರು ಈಗ ಬಂದವರನ್ನೆಲ್ಲ ಹಿಡಿದು ಉತ್ತರ ಕೇಳತೊಡಗಿದರು! ಅದಕ್ಕೊಂದು ಕಾಯಿದೆ ಬೇರೆ: ಸರಿಯುತ್ತರ ಹೇಳಿದವರಿಗೇ ಕಾಫಿ. ಹೇಳದವರು? ಹೇಳುವ ತನಕ ಕೂತಿರಬೇಕು. ಭಾನುವಾರ ಸಾಲದೆ ವಾರವಿಡೀ ಇದೇ ಪಾಡಾಯಿತು. ಕರೆಂಟಿನ ಮೀಟರ್ ನೋಡಲು ಬಂದವನನ್ನು ನಿಲ್ಲಿಸಿ "ಇಂದ್ರನ ಆನೆ, ನಾಲ್ಕಕ್ಷರ" ಅಂದರು. ಅವನು ಕೈಮುಗಿದು, "ಸಾ, ನಾನು ಓದೋದು ಮೀಟರ್ ಒಂದೇ ಕಣ್ ಸಾ" ಅಂದು ಗೇಟು ಹಾಕಿಕೊಂಡು ಓಡಿದ.

ಜಮೀನಿನ ಬಾಂದುಕಲ್ಲಿನ ತಕರಾರು ಹೇಳಿಕೊಳ್ಳಲು ಕಟ್ಟಾಯದಿಂದ ರೈತರೊಬ್ಬರು ಬಂದಿದ್ದರು. ನಾನೂ ಇದ್ದೆ. ಮಾವ ತಕರಾರು ಕೇಳುವ ಮೊದಲೇ ತಮ್ಮ ಸಮಸ್ಯೆ ಮುಂದಿಟ್ಟರು. ಒಂದು ಹೊಳೆ, ಒಂದು ದೋಣಿ. ಹುಲಿ, ಮೇಕೆ, ಹುಲ್ಲಿನ ಹೊರೆ. ಒಮ್ಮೆಗೆ ಒಂದನ್ನೇ ದಾಟಿಸಬೇಕು, ಒಂದನ್ನೊಂದು ತಿನ್ನಬಾರದು. ಹೇಗೆ?

ಅವರು ಮಾವನನ್ನು ದಿಟ್ಟಿಸಿ ನೋಡಿದರು. "ಅಲ್ಲಾ ಸಾ, ಉಲಿ ಬಂದದೆ ಅಂತೀರಿ. ಪಾರೆಸ್ಟ್‌ನೋರಿಗೆ ಪೋನ್ ಮಾಡೋದ್ ಬುಟ್ಟು ದೋಣಿ ಉಡುಕ್ತಾ ಕೂತಿದ್ದೀರಲ್ಲ, ನಿಮ್ಗೇನಾರಾ ಬುದ್ಧಿ ಅದಾ?"

ಅತ್ತೆ ಬಾಗಿಲಿಗೆ ಆತುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ನಿಧಾನವಾಗಿ ಯೋಚಿಸಿ, "ಮೊದ್ಲು ಮೇಕೆ ದಾಟ್ಸ್ಬೇಕು. ಆಮ್ಯಾಕೆ ಉಲ್ಲು... ಬರುವಾಗ ಮೇಕೆನ ವಾಪಸ್ಸು ಕರ್ಕೊಂಡು ಬರ್ಬೇಕು, ಅಲ್ವಾ?" ಅಂದರು. ಮಾವ ಕೂತಲ್ಲಿಂದ ಎದ್ದು ನಿಂತರು! ಹೆಂಡತಿ ರಾಜ್ಯಕ್ಕೇ ಮೊದಲ ರ‍್ಯಾಂಕ್ ಬಂದಳೋ ಎಂಬಷ್ಟು ಸಂಭ್ರಮ. ಮೇಕೆ ದಾಟಿಸಿದ್ದಕ್ಕೆ ಇಷ್ಟು ಖುಷಿ ಯಾಕಪ್ಪ ಅಂತ ನನಗೆ ಅರ್ಥವಾಗಲಿಲ್ಲ.

ಆದರೆ ಕಾಫಿಗೆ ಪರೀಕ್ಷೆ ಬರೆಯಲು ಎಷ್ಟು ಜನ ಬರುತ್ತಾರೆ ಹೇಳಿ? ನೆಂಟರು ಒಬ್ಬೊಬ್ಬರಾಗಿ ಜಾರಿಕೊಂಡರು. ಒಂದು ದಿನ ಮಾವನ ಮಗಳು ಚನ್ನರಾಯಪಟ್ಟಣದಿಂದ ಫೋನು ಮಾಡಿದಳು. "ಬಾವ, ನೀವೇ ಓಗಿ ಅಪ್ಪಂಗೆ ಏಳಿ. ಮನೆಗೆ ಜನ ಬರೋದೇ ನಿಂತೋಯ್ತು. ಜನ ಇಲ್ದಿದ್ರೆ ನಮ್ಮಮ್ಮ ಬದುಕ್ತಾಳಾ? ಈಚೀಚೆಗೆ ಮಂಕಾಗವ್ಳೆ, ಏನು ಕೇಳುದ್ರೂ ಬರೀ ಹ್ಞೂ ಅಂತಾಳೆ. ಆ ಹಾಳು ಪದಬಂಧ ಬಿಡುಸ್ಬುಡಿ."

ಅವಳು ಹೇಳಿದ್ದು ನ್ಯಾಯವಾಗಿತ್ತು. ಗಂಡನ ಚಪಲಕ್ಕೆ ಅತ್ತೆ ಯಾಕೆ ಒಬ್ಬಂಟಿಯಾಗಬೇಕು? ನನಗೂ ಸಿಟ್ಟು ಬಂತು. ಭಾನುವಾರವೇ ಹಾಸನದಿಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭಾಷಣ ಸಿದ್ಧ ಮಾಡಿಕೊಂಡೆ.

ಬಾಗಿಲು ತೆಗೆದದ್ದು ಅತ್ತೆ. ನನ್ನನ್ನು ನೋಡಿದರು. ಬಹಳ ಮರ್ಯಾದೆಯಿಂದ, "ಯಾರು ಬೇಕಿತ್ತು?" ಅಂದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು.

ಒಳಗಿನಿಂದ ಮಾವನ ಧ್ವನಿ ಬಂತು. "ಲೇ, ನೀನ್ಯಾರು ಅಂತ ಏಳ್ಬುಟ್ಟೀಯಾ! ಸುಮ್ನೆ ನಿಂತ್ಕೊ!" ಕೈಯಲ್ಲಿ ಪೇಪರು ಹಿಡಿದು ಓಡಿಬಂದರು. ಅದರಲ್ಲಿ ಇಲ್ಲದ್ದನ್ನು ಅದರಲ್ಲಿ ನೋಡಿಯೇ ಓದುವವರಂತೆ, "ಎಡದಿಂದ ಬಲಕ್ಕೆ, ನಾಲ್ಕಕ್ಷರ" ಅಂದರು. "ನನ್ನ ತಂಗಿ ಮಗ. ಚಿಕ್ಕೋನಿದ್ದಾಗ ನಿನ್ನ ಮಡಿಲಲ್ಲೇ ಮಲಗ್ತಿದ್ದ. ನೀನು ಕರೆದ ಕೋಡುಬಳೇನ ಡಬ್ಬ ಸಮೇತ ಕದ್ದು ಅಟ್ಟ ಹತ್ತಿದ್ದ. ಮೊದಲ್ನೇ ಅಕ್ಷರ ನಾ."

ಅತ್ತೆ ನನ್ನ ಮುಖವನ್ನೇ ನೋಡಿದರು. ತುಟಿ ಅಲುಗಿತು. "ನಾ... ನಾಗರಾಜ. ನಮ್ಮ ನಾಗ! ಅಯ್ಯೋ, ಒಳಿಕ್ ಬಾರೋ, ಬಾಗ್ಲಲ್ಲೇ ನಿಂತಿದ್ದೀಯಲ್ಲ!"

"ಸರಿಯುತ್ತರ!" ಅಂತ ಮಾವ ಚಪ್ಪಾಳೆ ತಟ್ಟಿದರು.

ಅತ್ತೆ ಇಬ್ಬರಿಗೂ ಕಾಫಿ ತಂದುಕೊಟ್ಟು ಮತ್ತೆ ಅಡಿಗೆಮನೆಗೆ ಹೋದರು. ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ಮರೆತರೂ ಅತ್ತೆ ಮರೆತವರಲ್ಲ. ಅವತ್ತಿನ ಕಾಫಿ ಪಾಯಸದಷ್ಟು ಸಿಹಿಯಾಗಿತ್ತು. ಒಂದು ತೊಟ್ಟೂ ಬಿಡದೆ ಕುಡಿದೆ.

ಭಾಷಣ ಕೈಬಿಟ್ಟೆ, ಲೋಟ ಕೆಳಗಿಟ್ಟೆ. ಮಾವ ಜಗಲಿಯ ಮೇಲೆ ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ ಹೇಳಿದರು. "ಡಾಕ್ಟ್ರು ಏಳವ್ರೆ ಕಣ್ಲಾ. ಮಾತಾಡುಸ್ತಾ ಇರಿ, ಏನಾರಾ ಕೇಳ್ತಾ ಇರಿ, ಜನದ ಮಧ್ಯೆ ಇರ್ಲಿ ಅಂತ. ಅವಳೊಬ್ಬಳ್ನೇ ಕೇಳುದ್ರೆ ಅದು ಪರೀಕ್ಷೆ ಆಯ್ತದೆ, ಅವಳ್ಗೆ ಗೊತ್ತಾಗೋಯ್ತದೆ. ಎಲ್ಲಾರ್ನೂ ಕೇಳುದ್ರೆ ಆಟ ಆಯ್ತದೆ. ನಂಗೆ ಹುಚ್ಚು ಅಂತ ಊರೆಲ್ಲಾ ಏಳ್ಕೊಳ್ಳಿ, ಮೊದ್ಲಿಂದ್ಲೂ ಏಳ್ತಿದ್ರಲ್ಲ. ಅವಳ್ಗೆ ಮರೆವು ಅಂತ ಯಾರೂ ಅನ್ಬಾರ್ದು. ಆದ್ರೆ ಜನ ಬರೋದ್ನೇ ನಿಲ್ಲುಸ್ಬುಟ್ರಲ್ಲೋ, ನಾನೇನ್ ಮಾಡ್ಲಿ?"

ಅಳು ಬಂತು ನನಗೆ. ಅಲ್ಲೇ ಕೂತು, ಒಳಗೆ ಕೇಳದಂತೆ ದನಿ ತಗ್ಗಿಸಿ, ಅವರ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಮುಂದಿನ ಭಾನುವಾರದಿಂದ ಎಲ್ಲರನ್ನೂ ಕರೆದುಕೊಂಡು ಬರಬೇಕು, ನಿನ್ನ ಮಾವನವರನ್ನೂ, ಆದರೆ ಉತ್ತರ ಗೊತ್ತಿದ್ದರೂ ಆ ಕಂಚಿನ ಕಂಠದಲ್ಲಿ ಕೂಗಿಬಿಡಬಾರದು ಅಂತ ತಾಕೀತು ಮಾಡು ಅಂದೆ. ಆ ಕಡೆಯಿಂದ ಅವಳು ಹ್ಞೂ ಅಂದಳು.

ಫೋನು ಇಟ್ಟ ಮೇಲೆ ಕೇಳಬಾರದ್ದನ್ನು ಕೇಳಿಬಿಟ್ಟೆ. "ಮಾವ, ಒಂದಿನ ನಿಮ್ಮನ್ನೇ ಯಾರು ಅಂತ ಕೇಳಿದ್ರೆ?"

"ಅದಕ್ಕೂ ಸುಳಿವು ಮಾಡಿಟ್ಟಿವ್ನಿ" ಅಂದರು ಮಾವ. "ಎಂಡ್ತಿ ಅರಕಲಗೂಡಲ್ಲಿ ಇಳುದ್ರೆ ತಾನು ರಾಮನಾಥಪುರಕ್ಕೋದ ದಡ್ಡ ಯಾರು?"

ಆ ಸುಳಿವು ಹೇಳುವಾಗ ಅವರ ದನಿ ಏರಿತ್ತು, ಅಡಿಗೆಮನೆಗೂ ಕೇಳಿಸಿತ್ತು. "ಇನ್ಯಾರು, ನೀವೇ!" ಅಂತ ಅತ್ತೆ ಒಳಗಿನಿಂದಲೇ ಕೂಗಿದರು. "ಇಳೀರಿ ಅಂದೆ, ಹ್ಞೂ ಅಂದ್ರಿ! ಓಳ್ಗೆ ಊಟ ತಪ್ಪುಸ್ಕೊಂಡ್ರಿ!"

ಮಾವ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. "ಸರಿಯುತ್ತರ ಕಣೆ!" ಅಂದರು. ಆಮೇಲೆ ಎದ್ದು, ತಾವಿನ್ನೂ ಮುಟ್ಟದಿದ್ದ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೆಗೆ ಕೊಡಲು ಒಳಗೆ ಹೋದರು.